ಪ್ರಯೋಗಾಲಯದಲ್ಲಿ ಬೀಗರೂಟ

ನಾನು ನಿಂತಿದ್ದದ್ದು ಪ್ರಯೋಗಾಲಯದ ಬಾಗಿಲಿನ ಎಡಗಡೆಗೆ, ಹೊರಗಿನ ಜಗುಲಿಯ ಮೇಲೆ, ನಲ್ಲಿಕಟ್ಟೆಗೆ ಬೆನ್ನು ಮಾಡಿ. ಫೆಬ್ರವರಿಯ ಒಂದು ಬುಧವಾರ, ಮಧ್ಯಾಹ್ನದ ಹೊತ್ತು. ಅಲ್ಲಿಂದ ಕೋಣೆಯ ಒಳಗೆಲ್ಲ ಕಾಣುತ್ತಿತ್ತು, ಆಚೆ ಕಿಟಕಿಯ ಪಕ್ಕದ ಮೂಲೆಯೊಂದನ್ನು ಬಿಟ್ಟು. ಆ ಮೂಲೆಯಲ್ಲಿ ಏನಾಯಿತೆಂಬುದನ್ನು ನಾನು ಕಂಡಿಲ್ಲ. ಕಂಡವರೊಬ್ಬರಿದ್ದಾರೆ, ಆ ಮಾತನ್ನು ಕೊನೆಗೆ ಇಡುತ್ತೇನೆ.

ಕೆಂಗೇರಿ ದಾಟಿ, ಮೈಸೂರು ರಸ್ತೆ ಬಿಟ್ಟು ಒಳಗೆ ಹೋದರೆ ಸಿಗುವ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆ ಅದು. ನಾನು ಅಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಕೆಂಗೇರಿ ಉಪನಗರದ ಬಾಡಿಗೆ ಮನೆಯಿಂದ ಸ್ಕೂಟರಿನಲ್ಲಿ ಹೋಗಿ ಬರುತ್ತಿದ್ದೆ. ಹಳ್ಳಿ ಎಂದರೆ ಪೂರ್ತಿ ಹಳ್ಳಿಯೂ ಅಲ್ಲ. ರಾಗಿ ಹೊಲದ ಪಕ್ಕದಲ್ಲೇ ಲೇಔಟಿನ ಕಲ್ಲುಗಳು, ಅದರಾಚೆ ಹದಿನೈದು ಮಹಡಿಯ ಅಪಾರ್ಟ್‌ಮೆಂಟು. ಆದರೆ ಊರೊಳಗೆ ಬರುವ ಬಸ್ಸು ಬೆಳಗ್ಗೆ ಒಂದು, ಸಂಜೆ ಒಂದು. ಮೆಟ್ರೊ ಹತ್ತಿರ ಬಂತೆಂದು ಜಾಗದ ಬೆಲೆ ಏರಿತೇ ಹೊರತು ಬಸ್ಸು ಹೆಚ್ಚಲಿಲ್ಲ.

ಹತ್ತನೆಯ ತರಗತಿ ಮುಗಿದ ಮೇಲೆ ಈ ಮಕ್ಕಳು ಎಲ್ಲಿಗೆ ಹೋಗಬೇಕು? ದುಡ್ಡಿದ್ದವರ ಮಕ್ಕಳು ಮೊದಲಿನಿಂದಲೂ ಖಾಸಗಿ ಶಾಲೆಯ ಹಳದಿ ಬಸ್ಸು ಹತ್ತಿ ನಾಗರಬಾವಿ, ವಿಜಯನಗರದ ಕಡೆಗೆ ಹೋಗುವವರು. ಅವರಿಗೆ ಈ ಪ್ರಶ್ನೆ ಇಲ್ಲ. ನಮ್ಮ ಶಾಲೆಯ ಹುಡುಗರಲ್ಲಿ ಕೆಲವರು ಐಟಿಐಗೆ, ಕೆಲವರು ಕೆಂಗೇರಿಯ ಕಾಲೇಜಿಗೆ, ಉಳಿದವರು ಸ್ವಿಗ್ಗಿ ಜೊಮ್ಯಾಟೊ ಚೀಲ ಹೊರುವುದಕ್ಕೆ. ಹುಡುಗಿಯರ ವಿಷಯ ಬೇರೆ. ಬಸ್ಸಿಗೆ ಕಳಿಸುವ ಮನೆಯವಳು ಪಿಯುಸಿ ಓದುತ್ತಾಳೆ, ಕಳಿಸದ ಮನೆಯವಳು ಓದುವುದಿಲ್ಲ. ಅಂಕ ಎಷ್ಟು ಬಂತು ಎಂಬುದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಅದಕ್ಕೇ ನಮ್ಮ ಶಾಲೆಯಲ್ಲೇ ಪಿಯುಸಿ ಶುರುವಾಗಲಿ ಎಂದು ಊರವರು ಕೇಳುತ್ತ ಬಂದಿದ್ದರು. ಒಮ್ಮೆ ಅಧಿಕಾರಿಗಳು ಬಂದು ನೋಡಿ, ಲ್ಯಾಬ್ ಇಲ್ಲ ಎಂದು ಹೇಳಿ ಹೋಗಿದ್ದರು.

ಆ ವರ್ಷ ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ಅಪ್ಪ ಅದೇ ದೊಡ್ಡ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿ ಕೆಲಸಕ್ಕಿದ್ದ. ಅವಳ ಅಕ್ಕ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಿದ್ದವಳು ಒಬ್ಬನನ್ನು ಮೆಚ್ಚಿ, ಮನೆಯಲ್ಲಿ ಹೇಳದೆ ಮದುವೆಯಾಗಿದ್ದಳು. ಅಂದಿನಿಂದ ಆ ಮನೆಯಲ್ಲಿ ಬಸ್ಸು ಎಂದರೆ ಆಗುತ್ತಿರಲಿಲ್ಲ. ಪೋಷಕರ ಸಭೆಗೆ ಬಂದಾಗ ಅವನು ನನ್ನ ಮುಂದೆಯೇ ಮಗಳಿಗೆ ಹೇಳಿದ:

"ನೋಡಮ್ಮ, ಮೇಷ್ಟ್ರ ಮುಂದೆನೇ ಹೇಳ್ತೀನಿ. ಈ ಸ್ಕೂಲಲ್ಲೇ ಪಿಯುಸಿ ಬಂತಾ, ಓದು. ಎಷ್ಟ್ ಬೇಕಾದ್ರೂ ಓದು. ಬರ್ಲಿಲ್ವಾ, ಅನ್ನಪೂರ್ಣೇಶ್ವರಿ ನಗರದಲ್ಲಿ ನಿಮ್ಮತ್ತೆ ಮನೆಗೆ ಹೋಗ್ಬಿಡು. ಟೈಲರಿಂಗ್ ಕಲಿ. ಬಸ್ ಮಾತ್ರ ಹತ್ತೋದ್ ಬೇಡ."

"ಅತ್ತೆ ಮನೆಗೂ ಬಸ್ಸಲ್ಲೇ ತಾನೆ ಹೋಗೋದು?" ಎಂದಳು ಅವಳು.

"ಒಂದ್ಸಲ ಹತ್ತೋದು ಬೇರೆ, ದಿನಾ ಹತ್ತೋದು ಬೇರೆ. ಬಾಯ್ ನೋಡಿ ಸಾರ್ ಇವಳ್ದು."

ಅವನು ನಗುತ್ತಲೇ ಹೇಳಿದ. ಆದರೆ ಹೇಳಿದ್ದನ್ನು ಮಾಡುವ ಮನುಷ್ಯ. ಇದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಇನ್ನು ಊರಿನ ಯಜಮಾನರ ವಿಷಯ. ಶಾಲೆಯ ಜಾಗ ಅವರ ತಾತ ಬಿಟ್ಟುಕೊಟ್ಟದ್ದು. ಆಗಸ್ಟ್ ಹದಿನೈದರ ಮೊದಲ ತೆಂಗಿನಕಾಯಿ ಒಡೆಯುವುದು ಅವರೇ, ಮುಂದಿನ ಕುರ್ಚಿ ಅವರದೇ. ಮೊಮ್ಮಕ್ಕಳು ಮಾತ್ರ ಹಳದಿ ಬಸ್ಸಿನವರು. ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮದುವೆ ಎಲ್ಲೇ ಆಗಲಿ, ವಿಜಯನಗರದ ದೊಡ್ಡ ಛತ್ರದಲ್ಲೇ ಆಗಲಿ, ಮದುವೆಯ ಮೇಲಿನ ಬೀಗರೂಟ ಮಾತ್ರ ತಾತನ ಮಣ್ಣಿನ ಮೇಲೆ, ಅಂದರೆ ನಮ್ಮ ಶಾಲೆಯ ಬಯಲಿನಲ್ಲಿ ಆಗಬೇಕು. ಹೆಣ್ಣು ಗಂಡಿನ ಎರಡೂ ಕಡೆಯವರು ಸೇರಿ ಉಣ್ಣುವ ಮಾಂಸದೂಟ, ಬಾಡೂಟ ಅದು. ಹಿಂದೆ ರಜೆಯ ದಿನ ನೋಡಿ ಇಟ್ಟುಕೊಳ್ಳುತ್ತಿದ್ದರಂತೆ. ಈ ಸಲ ಮೊಮ್ಮಗಳ ಮದುವೆ ಭಾನುವಾರ ಇತ್ತು, ಸೋಮವಾರ ಅವರ ಮನೆಯಲ್ಲಿ ಬಾಡು ಮುಟ್ಟುವುದಿಲ್ಲ, ಮಂಗಳವಾರ ಬೀಗರಿಗೆ ಆಗಲಿಲ್ಲ. ಬುಧವಾರ ಗೊತ್ತಾಯಿತು.

ಬುಧವಾರವೇ ಪಿಯುಸಿಗಾಗಿ ಎರಡನೆಯ ಪರಿಶೀಲನೆ ಎಂದು ಸೋಮವಾರ ಫೋನು ಬಂತು.

ನಮ್ಮ ಮುಖ್ಯೋಪಾಧ್ಯಾಯಿನಿ ಗಾಬರಿಯಾಗಿ ಯಜಮಾನರನ್ನು ಕರೆಸಿದರು. ಊಟವನ್ನು ಒಂದು ದಿನ ಮುಂದಕ್ಕೆ ಹಾಕಿ ಎಂದು ಕೈಮುಗಿದರು. ನಾನು ಪಕ್ಕದಲ್ಲೇ ಇದ್ದೆ.

"ಯಾಕ್ ಮುಂದಕ್ ಹಾಕದು ಮೇಡಮ್ಮೋರೆ?" ಎಂದರು ಯಜಮಾನರು. ಅವರ ಮುಖ ನಿಜವಾಗಿ ಅರಳಿತ್ತು. "ದೇವ್ರೇ ಕಳಿಸ್ಕೊಡ್ತಾವ್ನೆ. ಹೋದ್ಸಲ ಬಂದೋರ್ಗೆ ಏನ್ ಕೊಟ್ರಿ? ಟೀ, ಮಾರಿ ಬಿಸ್ಕತ್ತು. ಬರೀ ಹೊಟ್ಟೇಲಿ ಹೋದೋರು ಕಾಲೇಜ್ ಕೊಡ್ತಾರಾ? ಈ ಸಲ ನಮ್ ಬೀಗ್ರ ಜೊತೇಲೆ ಕುಂಡ್ರಿಸಿ ಉಣ್ಣಿಸಣ. ಅದೆಂಗ್ ಬರಲ್ಲ ನಾನೂ ನೋಡ್ತೀನಿ."

ಒಂದು ಮಾತು ನ್ಯಾಯವಾಗಿ ಹೇಳಬೇಕು. ಪಿಯುಸಿ ಬರಲೆಂದು ಅವರಷ್ಟು ಓಡಾಡಿದವರು ಆ ಊರಲ್ಲಿ ಬೇರೆ ಯಾರೂ ಇಲ್ಲ. ಹೋದ ಸಲ ಲ್ಯಾಬ್ ಇಲ್ಲ ಎಂದದ್ದಕ್ಕೆ, ಉಗ್ರಾಣವಾಗಿದ್ದ ಕೋಣೆಯನ್ನು ಖಾಲಿ ಮಾಡಿಸಿ, ನೆಲಕ್ಕೆ ಬಿಳಿ ಟೈಲ್ಸು ಹಾಕಿಸಿ, ಗ್ರಾನೈಟಿನ ಕಟ್ಟೆ ಕಟ್ಟಿಸಿ, ಸಿಂಕು ಕೂರಿಸಿ ಪ್ರಯೋಗಾಲಯ ಮಾಡಿಸಿದವರು ಅವರೇ. ಶಾಲೆಯಲ್ಲಿ ಅಷ್ಟು ಚೆನ್ನಾಗಿದ್ದ ಕೋಣೆ ಅದೊಂದೇ. ಅದು ಅಷ್ಟು ಚೆನ್ನಾಗಿದ್ದದ್ದೇ ತಪ್ಪಾಯಿತು. ಒಳ್ಳೆಯ ಕೋಣೆ ಇದ್ದರೆ ಅದನ್ನು ಒಳ್ಳೆಯ ನೆಂಟರಿಗೆ ಕೊಡಬೇಕು ಎಂಬುದರಾಚೆಗೆ ಅವರಿಗೆ ಏನೂ ತೋಚಲಿಲ್ಲ.

ಬುಧವಾರ ಬೆಳಗ್ಗೆ ನಾನು ಹೋಗುವಷ್ಟರಲ್ಲಿ ಬಯಲಲ್ಲಿ ಶಾಮಿಯಾನ ಎದ್ದಿತ್ತು. ಬೆಂಚುಗಳೆಲ್ಲ ತರಗತಿಯಿಂದ ಹೊರಗೆ ಬಂದು ಊಟದ ಸಾಲುಗಳಾಗಿದ್ದವು. ಹೆಡ್‌ಮಿಸ್ ಕೋಣೆಯ ಹಿಂದೆ ಮರಿ ಕಡಿಯುತ್ತಿದ್ದರು. ಅದರ ನೀರು ವಾಲಿಬಾಲ್ ಅಂಕಣದ ಗೆರೆ ದಾಟಿ ಮೋರಿಗೆ ಹರಿಯುತ್ತಿತ್ತು. ಕೆಳ ತರಗತಿಯ ಮಕ್ಕಳನ್ನು ಮನೆಗೆ ಕಳಿಸಿಯಾಗಿತ್ತು. ಹತ್ತನೆಯವರು ಮಾತ್ರ ಅಧಿಕಾರಿಗಳ ಸಲುವಾಗಿ ಇದ್ದರು. ಕೂರಲು ಬೆಂಚಿಲ್ಲದೆ ನೆಲದ ಮೇಲೆ ಕೂತಿದ್ದರು.

ನಾನೂ ಬಾಡೂಟ ಉಣ್ಣುವ ಮನೆಯವನೇ. ಮುದ್ದೆ, ಬೋಟಿಗೊಜ್ಜು ನನಗೆ ಅಸಹ್ಯವಲ್ಲ. ನನಗೆ ಹೇಸಿಗೆಯಾದದ್ದು ಪ್ರಯೋಗಾಲಯದ ಬಾಗಿಲು ತೆಗೆದಾಗ. ಬೀಗದ ಕೈಯನ್ನು ಹೆಡ್‌ಮಿಸ್ ಹಿಂದಿನ ಸಂಜೆಯೇ ಕೊಟ್ಟುಬಿಟ್ಟಿದ್ದರು. ಗ್ರಾನೈಟ್ ಕಟ್ಟೆಯ ಮೇಲೆ ಎಲೆಯ ಕಟ್ಟು, ಹೆಚ್ಚಿದ ಈರುಳ್ಳಿಯ ರಾಶಿ, ನಿಂಬೆಹಣ್ಣು. ಸಿಂಕಿನಲ್ಲಿ ಕರುಳು ತೊಳೆದ ಬೇಸಿನ್ನು. ಕಪ್ಪುಹಲಗೆಯ ಮೇಲೆ ನಾನು ಹಿಂದಿನ ದಿನ ನೀರಿನ ವಿದ್ಯುದ್ವಿಭಜನೆಯ ಹಂತಗಳನ್ನು ಬರೆದಿದ್ದೆ. ಅದರ ಅರ್ಧವನ್ನು ಅಳಿಸಿ "ಬೀಗರಿಗೆ ಮಾತ್ರ" ಎಂದು ಬರೆದಿದ್ದರು. ಅಕ್ಷರ ದುಂಡಗಿತ್ತು. ನಮ್ಮದೇ ಶಾಲೆಯಲ್ಲಿ ಕಲಿತ ಯಾರೋ ಬರೆದಿರಬೇಕು.

ಆ ಪ್ರಯೋಗವನ್ನು ಅಧಿಕಾರಿಗಳ ಮುಂದೆ ಮಾಡಿ ತೋರಿಸಬೇಕಾದವಳು ಅದೇ ಹುಡುಗಿ. ಪ್ಲಾಸ್ಟಿಕ್ ಮಗ್ಗಿನ ತಳಕ್ಕೆ ತೂತು ಕೊರೆದು, ಇಂಗಾಲದ ಕಡ್ಡಿಗಳನ್ನು ಕೂರಿಸಿ, ಬ್ಯಾಟರಿಗೆ ತಂತಿ ಕಟ್ಟಿ ಅವಳೇ ಸಿದ್ಧ ಮಾಡಿದ್ದಳು. ಮೇಣ ಹಚ್ಚಿದ್ದೂ ಅವಳೇ. ಪಿಯುಸಿ ಬಂದರೆ ಅದು ತನ್ನ ಮಗ್ಗಿನಿಂದಲೇ ಬರುತ್ತದೆ ಎಂಬಂತೆ ಅದನ್ನು ಮನೆಗೆ ಒಯ್ದು, ಬೆಳಗ್ಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗಾಜಿನ ಸಾಮಾನು ಮಾತ್ರ ಒಳಗೆ ಉಳಿದಿತ್ತು. ತರೋಣವೆಂದು ನಾವಿಬ್ಬರೂ ಒಳಗೆ ಹೋದೆವು.

ಗಂಡಿನ ಕಡೆಯ ಇಬ್ಬರು ಯುವಕರು ಕಪಾಟಿನ ಮರೆಯಲ್ಲಿ ನಿಂತಿದ್ದರು. ಒಬ್ಬನ ಕೈಯಲ್ಲಿ ಬಾಟಲಿ. ಇನ್ನೊಬ್ಬನ ಕೈಯಲ್ಲಿ ನಮ್ಮ ಅಳತೆಯ ಜಾಡಿ, ಪಕ್ಕದಲ್ಲಿ ಗೆರೆ ಎಳೆದಿರುವ ಉದ್ದನೆಯ ಗಾಜಿನದು.

"ನೋಡ್ ಮಗಾ, ಕರೆಕ್ಟಾಗಿ ಸಿಕ್ಸ್ಟಿ. ಒಂದ್ ಹನಿ ಹೆಚ್ಚಿಲ್ಲ ಕಮ್ಮಿ ಇಲ್ಲ. ಬಾರಲ್ಲೂ ಹಿಂಗ್ ಕೊಡಲ್ಲ."

"ಗೌರ್ಮೆಂಟ್ ಅಳತೆ ಗುರು. ಮೋಸನೇ ಇಲ್ಲ."

ಹುಡುಗಿ ನನಗಿಂತ ಮುಂಚೆ ಬಾಯಿಬಿಟ್ಟಳು. "ಅಣ್ಣ, ಅದ್ರಲ್ಲಿ ನಾವು ಆಸಿಡ್ ಅಳೀತೀವಿ."

ಕುಡಿಯುತ್ತಿದ್ದವನು ಬಾಯಲ್ಲಿದ್ದದ್ದನ್ನು ಫುರ್ ಎಂದು ಟೈಲ್ಸಿನ ಮೇಲೆ ಉಗಿದ. ಇನ್ನೊಬ್ಬ ಹೊಟ್ಟೆ ಹಿಡಿದು ನಕ್ಕ. "ಸಾಯಲ್ಲ ಬಾರೋ ಮಚ್ಚಾ, ನಿನ್ ಹೊಟ್ಟೇಲಿರೋ ಆಸಿಡ್‌ಗಿಂತ ಜಾಸ್ತಿನಾ ಅದು?" ಜಾಡಿಯನ್ನು ನಾನೇ ತೊಳೆದಿಟ್ಟದ್ದರಿಂದ ಅಪಾಯವೇನೂ ಇರಲಿಲ್ಲ. ಅದನ್ನು ನಾನು ಅವರಿಗೆ ಹೇಳಲಿಲ್ಲ. ಕಪಾಟಿನ ಮೇಲುಹಲಗೆಯಿಂದ ಆಸಿಡ್ ಬಾಟಲಿಯನ್ನು ತೆಗೆದುಕೊಂಡೆ. ಅದರ ಪಕ್ಕದಲ್ಲೇ ಯಾರೋ ಅಡುಗೆ ಎಣ್ಣೆಯ ಬಾಟಲಿ ಇಟ್ಟಿದ್ದರು.

ಹೊರಗೆ ಬಂದು ಹೆಡ್‌ಮಿಸ್‌ಗೆ ಹೇಳಿದೆ, "ಮೇಡಂ, ಇವರನ್ನ ಈ ರೂಮಿಂದ ಎಬ್ಬಿಸಿ. ಬೇರೆ ಎಲ್ಲಾದ್ರೂ ಉಣ್ಲಿ. ಆಫೀಸರು ನೋಡೋಕೆ ಬರ್ತಿರೋದೇ ಈ ರೂಮನ್ನ."

"ಸುಮ್ನಿರಿ ಸಾರ್, ಇವತ್ತೊಂದಿನ. ಜಾಗ ಅವರ್ದು, ಟೈಲ್ಸ್ ಅವರ್ದು. ನಾಳೆ ಗೇಟಿಗೆ ಬೀಗ ಹಾಕಿದ್ರೆ ಏನ್ ಮಾಡ್ತೀರಾ?"

"ಜಾಗ ಸರ್ಕಾರದ್ದು ಮೇಡಂ."

"ಅದನ್ನ ನೀವೇ ಹೋಗಿ ಅವರಿಗೆ ಹೇಳಿ."

ನಾನು ಹೋಗಿ ಹೇಳಿದೆ. ಯಜಮಾನರು ನನ್ನ ಭುಜದ ಮೇಲೆ ಕೈಯಿಟ್ಟು, "ಮೇಷ್ಟ್ರೇ, ನೀವು ಮೊದ್ಲು ಒಂದೆಲೆಗೆ ಕುಂತ್ಕಳಿ. ಹಸ್ಕಂಡಿದೀರಾ, ಅದಕ್ಕೇ ಸಿಟ್ಟು" ಎಂದರು.

ಪ್ರಯೋಗವನ್ನು ಜಗುಲಿಗೆ ತಂದೆವು. ಆಚೆ ಕಿಟಕಿಯ ಕೆಳಗೆ ಒಂದು ಸ್ಟೂಲು ಹಾಕಿ, ಮಗ್ಗಿಟ್ಟು, ನೀರಿಗೆ ಕೆಲವು ಹನಿ ಆಸಿಡ್ ಬಿಟ್ಟು, ಎರಡು ಪ್ರನಾಳಗಳನ್ನು ಬೋರಲು ಹಾಕಿದೆವು. ಹುಡುಗಿ ಸ್ಟೂಲಿನ ಪಕ್ಕ ನಿಂತಳು. ನಾನು ಈ ಕಡೆಯ ಬಾಗಿಲಿಗೆ ಬಂದು ನಿಂತೆ, ಅಧಿಕಾರಿಗಳು ಬಂದ ಕೂಡಲೇ ಮೊದಲು ಅವಳ ಹತ್ತಿರ ಕರೆದುಕೊಂಡು ಹೋಗೋಣವೆಂದು.

ಕಾರು ಬಂತು. ಇಬ್ಬರು ಇಳಿದರು. ಒಬ್ಬರು ಹಿರಿಯರು, ಇನ್ನೊಬ್ಬರು ಅವರ ಚೀಲ ಹಿಡಿದುಕೊಂಡ ಕಿರಿಯರು. ನಾನು ನಮಸ್ಕಾರ ಹೇಳುವಷ್ಟರಲ್ಲಿ ಯಜಮಾನರು ಹಿರಿಯರಿಗೆ ಶಾಲು ಹೊದಿಸಿ, ಕೈ ಹಿಡಿದುಕೊಂಡು ಸೀದಾ ಪ್ರಯೋಗಾಲಯದೊಳಗೆ ನಡೆದರು. "ಮೊದ್ಲು ಊಟ, ಆಮೇಲೆ ನೋಟ" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಅಧಿಕಾರಿಗಳೂ ನಕ್ಕರು.

ಅವರು ಉಂಡದ್ದನ್ನು ನಾನು ನೋಡಿದೆ. ನೋಡಬಾರದಿತ್ತು, ಆದರೆ ಬಾಗಿಲಲ್ಲಿ ನಿಂತಿದ್ದೆ. ಹಿರಿಯರು ಗ್ರಾನೈಟ್ ಕಟ್ಟೆಗೆ ಎದೆ ತಾಗಿಸಿ, ಶಾಲನ್ನು ಹಿಂದಕ್ಕೆ ಹಾಕಿಕೊಂಡು ಕೂತಿದ್ದರು. ಮೂಳೆಯನ್ನು ಕಟ್ಟೆಗೆ ಕುಟ್ಟಿ ಕುಟ್ಟಿ ಒಳಗಿನದನ್ನು ಹೀರಿದರು. ಕುಟ್ಟಿದ ಸದ್ದು ಜಗುಲಿಗೆ ಕೇಳುತ್ತಿತ್ತು. ಸಾರು ಕಟ್ಟೆಯಿಂದ ಟೈಲ್ಸಿಗೆ ಇಳಿಯುತ್ತಿತ್ತು. ಎಲೆಗಳ ಮೇಲೆ ನೊಣ. ಬಾಯಿ ತುಂಬಿಕೊಂಡೇ ಅವರು ಕಪ್ಪುಹಲಗೆಯ ಕಡೆ ನೋಡಿ, "ಬೀಗರಿಗೆ ಮಾತ್ರ ಅಂತ ಬರ್ದಿದೀರಲ್ಲ, ನಮ್ಮನ್ನೂ ಬೀಗರು ಮಾಡ್ಕೊಂಡ್ರಾ?" ಎಂದರು. "ನೀವು ಕಾಲೇಜ್ ಕೊಟ್ರೆ ಬೀಗ್ರಿಗಿಂತ ಹೆಚ್ಚು ಸಾಮಿ" ಎಂದರು ಯಜಮಾನರು. ಇನ್ನೊಂದು ಮುದ್ದೆ ಬಂತು. ಅವರು ಬೇಡವೆನ್ನಲಿಲ್ಲ.

ಹೊರಗೆ ಪ್ರನಾಳಗಳಲ್ಲಿ ಗುಳ್ಳೆಗಳು ಏರುತ್ತಿದ್ದವು. ಒಂದರಲ್ಲಿ ಇನ್ನೊಂದರ ಎರಡರಷ್ಟು ಅನಿಲ ಸೇರಬೇಕು, ಸೇರಿತ್ತು. ಸರಿಯಾಗಿ ಬಂದಿದೆ ಎಂದು ಹುಡುಗಿ ದೂರದಿಂದಲೇ ನನಗೆ ಸನ್ನೆ ಮಾಡಿದಳು. ಆಮೇಲೆ ಕಿಟಕಿಯ ಒಳಗೆ ಏನನ್ನೋ ನೋಡಿ ಅವಳ ಮುಖ ಬದಲಾಯಿತು. ಏನೆಂದು ನನಗೆ ಆಗ ತಿಳಿಯಲಿಲ್ಲ.

ಅಧಿಕಾರಿಗಳು ಹೊರಗೆ ಬಂದರು. ನಾನು ಅಡ್ಡ ನಿಂತೇ ಅವರನ್ನು ಸ್ಟೂಲಿನ ಹತ್ತಿರ ಕರೆದುಕೊಂಡು ಹೋದೆ.

"ಏನಮ್ಮ ಇದು?" ಎಂದರು ಹಿರಿಯರು.

"ನೀರನ್ನ ಒಡೀತಾ ಇದೀನಿ ಸಾರ್. ಇದು ಹೈಡ್ರೋಜನ್. ಬೆಂಕಿ ತೋರಿಸಿದ್ರೆ ಟಪ್ ಅಂತ ಸದ್ದು ಬರುತ್ತೆ. ಒಂದು ನಿಮಿಷ ಸಾರ್." ಅವಳು ಪ್ರನಾಳದ ಬಾಯಿಗೆ ಹೆಬ್ಬೆರಳು ಒತ್ತಿ ಎತ್ತಿದಳು. ಇನ್ನೊಂದು ಕೈಯಲ್ಲಿ ಬೆಂಕಿಪೊಟ್ಟಣ.

"ಸಾಮಿ, ಬೀಡ ತಕಳಿ" ಎಂದು ಯಜಮಾನರು ತಟ್ಟೆ ಹಿಡಿದು ಬಂದರು.

ಹಿರಿಯರು ತಿರುಗಿದರು. ಕಿರಿಯರೂ ತಿರುಗಿದರು. ಬೀಡದ ಎಲೆ ಮೈಸೂರಿನದೋ ಬೇರೆಯದೋ ಎಂದು ಮಾತಾಡುತ್ತ ಎಲ್ಲರೂ ಕಾರಿನ ಕಡೆ ನಡೆದರು. ಹುಡುಗಿ ಪ್ರನಾಳ ಹಿಡಿದುಕೊಂಡೇ ನಿಂತಿದ್ದಳು. "ಕಡ್ಡಿ ಗೀರಲಾ ಸಾರ್?" ಎಂದು ನನ್ನನ್ನು ಕೇಳಿದಳು. "ಗೀರಮ್ಮ" ಎಂದೆ. ಟಪ್ ಎಂದಿತು. ಚಿಕ್ಕ ಸದ್ದು. ಶಾಮಿಯಾನದ ಹಾಡಿನಲ್ಲಿ ಅದು ಹತ್ತಡಿ ದಾಟಿರಲಾರದು.

ನಾನು ಕಾರಿನ ಹತ್ತಿರ ಓಡಿದೆ. ಹಿರಿಯರು ಹಲ್ಲಿಗೆ ಕಡ್ಡಿ ಹಾಕಿಕೊಂಡು ಹೆಡ್‌ಮಿಸ್‌ಗೆ ಹೇಳುತ್ತಿದ್ದರು, "ಎಲ್ಲಾ ಸರಿ ಮೇಡಂ, ಆದ್ರೆ ಈ ಸಲನೂ ಲ್ಯಾಬ್ ಇಲ್ವಲ್ಲ?"

"ಸಾರ್, ನೀವು ಊಟ ಮಾಡಿದ್ದೇ ಲ್ಯಾಬು" ಎಂದೆ.

ಅವರು ನನ್ನನ್ನು ನಿಧಾನವಾಗಿ ನೋಡಿದರು. "ನಾನು ನೋಡಿದ್ದು ಊಟದ ಮನೆ. ಕಣ್ಣಲ್ಲಿ ನೋಡಿದ್ದನ್ನ ತಾನೆ ನಾನು ಬರೆಯೋದು?"

"ಹತ್ತು ನಿಮಿಷ ಸಾರ್. ತೊಳೆಸಿ ತೋರಿಸ್ತೀನಿ. ಒಂದು ಹುಡುಗಿ ಓದು ನಿಂತೋಗುತ್ತೆ ಸಾರ್, ಇದು ಬರ್ಲಿಲ್ಲ ಅಂದ್ರೆ."

"ಒಂದು ಹುಡುಗೀಗೋಸ್ಕರ ಕಾಲೇಜ್ ಕೊಡೋಕಾಗುತ್ತೇನ್ರಿ? ಲ್ಯಾಬಲ್ಲಿ ಬಾಡೂಟ ಅಂತ ಯಾರಾದ್ರೂ ಫೋಟೊ ಹಾಕಿದ್ರೆ ನನ್ ಕೆಲಸಕ್ಕೇ ಕುತ್ತು ಬರುತ್ತೆ. ನಾನು ಬಾಯಿ ಮುಚ್ಕೊಂಡು ಹೋಗ್ತಿದೀನಲ್ಲ, ಅದಕ್ಕೆ ಸಂತೋಷಪಡಿ."

ಅಷ್ಟರಲ್ಲಿ ಯಜಮಾನರ ಮನೆಯವರು ಸ್ಟೀಲ್ ಕ್ಯಾರಿಯರ್ ತಂದು ಹಿಂದಿನ ಸೀಟಿನಲ್ಲಿಟ್ಟರು. ಹಿರಿಯರು ಬಗ್ಗಿ ನೋಡಿ, "ನೇರ ಇಡಪ್ಪ, ಸಾರು ಚೆಲ್ಲುತ್ತೆ" ಎಂದರು. ಕಾರು ಹೋದ ಮೇಲೆ ನಲ್ಲಿಕಟ್ಟೆಗೆ ಹೋಗಿ ವಾಂತಿ ಮಾಡಿದೆ. ನಾನು ಅಂದು ಏನೂ ತಿಂದಿರಲಿಲ್ಲ.

ಪಿಯುಸಿ ಬರಲಿಲ್ಲ. ಆ ಸುದ್ದಿ ಬೇಸಿಗೆ ರಜೆಗೆ ಮುಂಚೆ ತಲುಪಿತು. ಯಜಮಾನರು ಶಾಲೆಗೆ ಬಂದು, ನಿಜವಾದ ದುಃಖದಿಂದ, "ಮೇಷ್ಟ್ರೇ, ತಲೆಮಾಂಸ ಅವ್ರ ಪಂಕ್ತಿಗೆ ಬರೋಷ್ಟ್ರಲ್ಲಿ ಮುಗ್ದೋಗಿತ್ತು. ಅದೇ ಬೇಜಾರಾಗಿರ್ಬೇಕು ಅವ್ರಿಗೆ. ಮುಂದಿನ್ ಸಲ ಎರಡ್ ಮರಿ ಹೆಚ್ಗೆ ಹೊಡ್ಸಣ" ಎಂದರು. ಬೆಂಚುಗಳ ಮೇಲೆ ಅರಿಸಿನದ ಕಲೆ ಉಳಿಯಿತು. ಪರೀಕ್ಷೆಯ ತನಕ ಮಕ್ಕಳು ಅದೇ ವಾಸನೆಯ ಮೇಲೆ ಮೊಣಕೈಯೂರಿ ಓದಿದರು.

ಹುಡುಗಿ ಮೊದಲ ದರ್ಜೆಯಲ್ಲಿ ಪಾಸಾದಳು. ನಾನು ಅವರ ಮನೆಗೆ ಹೋದೆ. ಕೆಂಗೇರಿ ಕಾಲೇಜಿಗೆ ದಿನಾ ನಾನೇ ಸ್ಕೂಟರಿನಲ್ಲಿ ಬಿಡುತ್ತೇನೆ, ಕರೆದುಕೊಂಡು ಬರುತ್ತೇನೆ ಎಂದೆ. ಅವಳ ಅಪ್ಪ ಕುರ್ಚಿ ಒರೆಸಿ ಕೂರಿಸಿ, ಕಾಫಿ ಕೊಟ್ಟು, ಮೆಲ್ಲಗೆ ಕೇಳಿದ, "ನಿಮ್ಗೆ ಟ್ರಾನ್ಸ್‌ಫರ್ ಆದ್ರೆ ಸಾರ್?" ಕಾಫಿ ಮುಗಿಸಿ ಎದ್ದೆ. ಮುಂದಿನ ವರ್ಷವೇ ನನಗೆ ವರ್ಗವಾಯಿತು. ಅವನ ಲೆಕ್ಕ ತಪ್ಪಿರಲಿಲ್ಲ. ನನಗೆ ಅದೂ ಅಸಹ್ಯವೇ.

ಈಗ ಅಂದು ಅಲ್ಲಿದ್ದವರ ವಿಷಯ. ಯಜಮಾನರು ಹೋದ ವರ್ಷ ತೀರಿಕೊಂಡರು. ತಿಥಿಯ ಊಟವೂ ಶಾಲೆಯ ಬಯಲಲ್ಲೇ ಆಯಿತೆಂದು ಕೇಳಿದೆ. ನಾನು ಹೋಗಿರಲಿಲ್ಲ. ಹೆಡ್‌ಮಿಸ್ ನಿವೃತ್ತರಾಗಿ ಬಸವೇಶ್ವರನಗರದಲ್ಲಿ ಮಗನ ಮನೆಯಲ್ಲಿದ್ದಾರೆ. ಕೇಳಿದರೆ, ಆ ದಿನ ಬಹಳ ಬಿಸಿಲಿತ್ತು ಎಂದಷ್ಟೇ ಹೇಳುತ್ತಾರೆ. ಹಿರಿಯ ಅಧಿಕಾರಿ ಬದುಕಿದ್ದಾರೆ, ಎಲ್ಲಿದ್ದಾರೋ ಗೊತ್ತಿಲ್ಲ. ಅಂದು ಅಡುಗೆ ಮಾಡಿದ ಕಾಂಟ್ರ್ಯಾಕ್ಟರು ಮಲ್ಲತ್ತಹಳ್ಳಿಯವರು, ಈಗಲೂ ಮದುವೆ ಸೀಸನ್ನಿನಲ್ಲಿ ಸಿಗುತ್ತಾರೆ.

ಆ ಮೂಲೆಯನ್ನು ಕಂಡವಳು ಆ ಹುಡುಗಿ. ಅನ್ನಪೂರ್ಣೇಶ್ವರಿ ನಗರದಲ್ಲಿ ಅತ್ತೆಯ ಟೈಲರಿಂಗ್ ಅಂಗಡಿಯಲ್ಲಿದ್ದಾಳೆ. ಕಳೆದ ತಿಂಗಳು ಆ ಕಡೆ ಹೋದಾಗ ಕಂಡೆ. ಕುತ್ತಿಗೆಗೆ ಟೇಪು ಹಾಕಿಕೊಂಡಿದ್ದಳು. ಅಂದು ಕಿಟಕಿಯೊಳಗೆ ಏನು ನೋಡಿದೆಯಮ್ಮ ಎಂದು ಕೇಳಿದೆ. ಅವಳು ಹೊಲಿಗೆ ನಿಲ್ಲಿಸಲಿಲ್ಲ.

"ಆ ಮೂಲೇಲಿ ನಾನು ಬರೆದ ಚಾರ್ಟ್ ನೇತಾಕಿದ್ದೆ ಸಾರ್, ನೀರು ಒಡೆಯೋದರ ಚಿತ್ರ. ಆ ದೊಡ್ಡ ಆಫೀಸರು ಊಟ ಆದ್ಮೇಲೆ ಕೈ ತೊಳ್ಕೊಂಡು, ಒರೆಸ್ಕೊಳ್ಳಕ್ಕೆ ಏನೂ ಸಿಗ್ಲಿಲ್ಲ ಅಂತ ಅದನ್ನ ಕಿತ್ಕೊಂಡ್ರು. ಎರಡೂ ಕೈ ಒರೆಸ್ಕೊಂಡು ಎಲೆ ಮೇಲೆ ಹಾಕಿದ್ರು. ಹಾಕೋ ಮುಂಚೆ ಒಂದ್ಸಲ ಅದನ್ನ ಓದಿದ್ರು ಸಾರ್."

ಇದು ನಾನು ಕಂಡದ್ದಲ್ಲ. ಅವಳು ಕಂಡದ್ದು.